ಸಾಕುವಷ್ಟಿದ್ದರೆ ಸಾಕು

ನಾಲ್ಕೈದು ವರ್ಷದ ಹಿಂದಿನ ಮಾತು. ಅಕ್ಟೋಬರ್ ಮೊದಲ ವಾರ. ಶಿರಸಿಯಲ್ಲಿ ಮಳೆ ಹಿಂದೆ ಸರಿದು ಗಟ್ಟಿ ಬಿಸಿಲು ಬಿದ್ದ ಮೊದಲ ದಿನ. ಕಪಾಟಿನ ಬಾಗಿಲು ತೆಗೆದರೆ ಬೂಷ್ಟಿನ ವಾಸನೆ ಮೂಗಿಗೆ ಬಡಿಯಿತು. ಮೇಲಿನ ಸಾಲಿನ ಸೀರೆಗಳು ಸರಿಯಾಗೇ ಇದ್ದವು. ಕೆಳಗೆ ಕೈ ಹಾಕಿದೆ. ಮಡಿಕೆಯ ಅಂಚಿನಲ್ಲಿ ಬೂದು ಬಣ್ಣದ ಹುಡಿ, ಅಂಗೈಗೆ ತಣ್ಣಗೆ ಅಂಟಿತು. ಒಂದೊಂದಾಗಿ ಅಂಗಳಕ್ಕೆ ತಂದು ಹಗ್ಗದ ಮೇಲೆ ಹರಡಿದೆ. ಒಟ್ಟು 58 ಸೀರೆ. ಅದರಲ್ಲಿ 23ಕ್ಕೆ ಬೂಷ್ಟು ಹಿಡಿದಿತ್ತು. ಏಳು ಸೀರೆಗೆ ಅಂಗಡಿಯ ಚೀಟಿ ಹಾಗೇ ನೇತಾಡುತ್ತಿತ್ತು.

ಕುಮಟೆಯಿಂದ ಬಂದಿದ್ದ ಆಯಿ ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಾ ನೋಡುತ್ತಿದ್ದಳು. ಬೈಯಲಿಲ್ಲ. "ಇಷ್ಟೂ ಸಾಕಲೆ ಆಗ್ತಾ ಕೂಸೆ ನಿನ್ನತ್ರ?" ಅಂದಳು, ಅಷ್ಟೇ.

ದನ ಸಾಕುವುದು ಗೊತ್ತು, ಮಕ್ಕಳನ್ನು ಸಾಕುವುದು ಗೊತ್ತು. ಸೀರೆಯನ್ನೂ ಸಾಕಬೇಕು ಅಂತ ನನಗೆ ಹೊಳೆದಿರಲಿಲ್ಲ. ಒಗೆಯಬೇಕು, ಬಿಸಿಲು ತೋರಿಸಬೇಕು, ಮಡಿಕೆ ಬದಲಿಸಬೇಕು, ಉಡಬೇಕು. ದಿನಕ್ಕೊಂದರಂತೆ ಉಟ್ಟರೂ 58 ಸೀರೆಗೆ ಎರಡು ತಿಂಗಳು ಬೇಕು. ಅವತ್ತು ಇಡೀ ದಿನ ಆಯಿಯ ಮಾತೇ ತಲೆಯಲ್ಲಿ ತಿರುಗಿತು. ಊಟದ ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿದು ಹೇಳುವುದೂ ಸಾಕು, ಕರುವಿಗೆ ಹಾಲು ಬಿಟ್ಟು ಬೆಳೆಸುವುದೂ ಸಾಕುವುದೇ. ಸಾಕಲು ಆಗುವಷ್ಟು ಇದ್ದರೆ ಸಾಕು. ಅಲ್ಲಿಂದ ಇಲ್ಲಿಯವರೆಗೆ ನಾನು ನಮ್ಮ ಮನೆಯಲ್ಲಿ ಮಾಡಿ ನೋಡಿದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲಕ್ಕೆ ಅಂತ ಇಟ್ಟುಕೊಂಡರೆ ಅವಸರವಿಲ್ಲದೆ ಆಗುತ್ತದೆ.

ಇದನ್ನು ಯಾರಿಗೆ ಹೇಳುತ್ತಿದ್ದೇನೆ ಎಂಬುದೂ ಮುಖ್ಯ. ಒಂದೇ ಜೊತೆ ಯೂನಿಫಾರ್ಮಿನಲ್ಲಿ ಮಳೆಗಾಲ ಕಳೆಯುವ ಹುಡುಗಿಗೆ ಇನ್ನೊಂದು ಜೊತೆ ಬೇಕು. ಸೋರುವ ಮಾಡಿಗೆ ಹೆಂಚು ಬೇಕು. ಅಂಥವರ ಮುಂದೆ ಕೂತು "ಇದ್ದದ್ದರಲ್ಲೇ ತೃಪ್ತಿ ಪಡು" ಅನ್ನುವುದು ತಪ್ಪು. ಈ ಬರಹ ನನ್ನಂಥವರಿಗೆ. ಬೇಕಾದ್ದೆಲ್ಲ ಮನೆಗೆ ಬಂದು ಎಷ್ಟೋ ಕಾಲವಾದರೂ ತರುವ ಕೈ ನಿಲ್ಲದವರಿಗೆ.

ಮೊದಲ ಹೆಜ್ಜೆ: ಎಸೆಯಬೇಡಿ, ಮಳೆಗಾಲವನ್ನು ಕೇಳಿ

ಮನೆ ಖಾಲಿ ಮಾಡುವ ವಿಡಿಯೊಗಳನ್ನು ನೋಡಿದರೆ ಎಲ್ಲರೂ ಕಪ್ಪು ಚೀಲ ಹಿಡಿದು ತುಂಬಲು ಶುರು ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದೇ ದಿನ ಎಸೆದವರು ಆರು ತಿಂಗಳಲ್ಲಿ ಮತ್ತೆ ಕೊಂಡದ್ದನ್ನು ನಾನು ನನ್ನ ಬಳಗದಲ್ಲೇ ಕಂಡಿದ್ದೇನೆ. ಮೊದಲು ನೋಡಬೇಕು.

ನೋಡಲು ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ಅನುಕೂಲವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮೇಲೂ ಕೆಳಗೂ ಗಾಳಿಯಲ್ಲೇ ನೀರಿರುತ್ತದೆ. ಕೈ ತಾಗದ ವಸ್ತುವನ್ನು ಈ ನಾಲ್ಕು ತಿಂಗಳು ಬಿಡುವುದಿಲ್ಲ. ಚರ್ಮದ ಚೀಲಕ್ಕೆ ಬೂಷ್ಟು, ಪುಸ್ತಕಕ್ಕೆ ಬೆಳ್ಳಿ ಹುಳ, ಮರದ ಪೆಟ್ಟಿಗೆಗೆ ಒರಲೆ, ಕಬ್ಬಿಣಕ್ಕೆ ತುಕ್ಕು. ದಿನಾ ಉಡುವ ಸೀರೆಗೆ ಬೂಷ್ಟು ಬರುವುದಿಲ್ಲ. ದಿನಾ ಹಿಡಿಯುವ ಕತ್ತಿಗೆ ತುಕ್ಕು ನಿಲ್ಲುವುದಿಲ್ಲ. ನಾವು ಯಾವುದನ್ನು ಬಳಸುತ್ತಿದ್ದೇವೆ, ಯಾವುದನ್ನು ಸುಮ್ನೆ ಇಟ್ಟುಕೊಂಡಿದ್ದೇವೆ ಎಂದು ಮಳೆಯೇ ಗುರುತು ಹಾಕಿ ಕೊಟ್ಟಿರುತ್ತದೆ.

ಹೀಗೆ ಮಾಡಿ. ನವರಾತ್ರಿಯ ಹೊತ್ತಿಗೆ ಒಳ್ಳೆಯ ಬಿಸಿಲು ನೋಡಿ ಒಂದೇ ಒಂದು ಬಗೆಯ ವಸ್ತು ಹೊರಗೆ ತನ್ನಿ. ಬಟ್ಟೆ ಅಂದರೆ ಮನೆಯಲ್ಲಿರುವ ನಿಮ್ಮ ಅಷ್ಟೂ ಬಟ್ಟೆ: ಕಪಾಟಿನದು, ಮಂಚದ ಕೆಳಗಿನ ಪೆಟ್ಟಿಗೆಯದು, ಅಟ್ಟದ ಮೇಲಿನ ಸೂಟ್‌ಕೇಸಿನದು. ಪಾತ್ರೆ ಬೇರೆ ದಿನ, ಪುಸ್ತಕ ಬೇರೆ ದಿನ. ಬೂಷ್ಟು ಇರುವುದನ್ನು ಒಳಗೆ ಕೊಡವಬೇಡಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲೇ ಒಣ ಬ್ರಷ್‌ನಿಂದ ತೆಗೆಯಿರಿ. ಹತ್ತಿಗೆ ನೇರ ಬಿಸಿಲು ಆಗುತ್ತದೆ, ರೇಷ್ಮೆಗೆ ನೆರಳು ಮತ್ತು ಗಾಳಿ. ಬಿಸಿ ಆರುವ ಮೊದಲು ಮಡಚಬೇಡಿ.

ಆಮೇಲೆ ಮೂರು ರಾಶಿ. ಈ ನಾಲ್ಕು ತಿಂಗಳಲ್ಲಿ ಕೈ ತಾಗಿದ್ದು ಮೊದಲನೆಯದು. ಕೈ ತಾಗದಿದ್ದರೂ ತನ್ನದೇ ಕಾಲದಲ್ಲಿ ಕೆಲಸವಿರುವುದು ಎರಡನೆಯದು. ಹಪ್ಪಳ ಒಣಗಿಸುವ ಚಾಪೆಗೆ ಮಳೆಯಲ್ಲಿ ಏನು ಕೆಲಸ? ಮದುವೆ ಸೀರೆ, ಚಳಿಗಾಲದ ಶಾಲು ಕೂಡ ಇಲ್ಲಿಗೇ. ಎರಡಕ್ಕೂ ಸೇರದ್ದು ಮೂರನೆಯದು. ಆ ಮೂರನೇ ರಾಶಿಯನ್ನು ಅವತ್ತೇ ಏನೂ ಮಾಡಬೇಡಿ. ಒಂದು ಹಳೆಯ ಸೀರೆಯಲ್ಲಿ ಗಂಟು ಕಟ್ಟಿ, ತಾರೀಕು ಬರೆದು, ಕಣ್ಣಿಗೆ ಕಾಣುವ ಕಡೆ ಇಡಿ. ಮೂರು ತಿಂಗಳಲ್ಲಿ ಯಾವುದಕ್ಕಾಗಿಯಾದರೂ ಗಂಟು ಬಿಚ್ಚಿದರೆ ಅದು ವಾಪಸ್ ಕಪಾಟಿಗೆ.

ಮೂರನೇ ರಾಶಿಗೆ ಹಾಕಲು ಕೈ ಬಾರದಿರುವುದು ಸಹಜ. ಡೇನಿಯಲ್ ಕಾನೆಮನ್, ರಿಚರ್ಡ್ ಥೇಲರ್ ಮತ್ತು ಅವರ ಜೊತೆಗಾರರೊಬ್ಬರು 1990ರಲ್ಲಿ ಇದರ ಬಗ್ಗೆ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಲ್ಲಿ ಅರ್ಧ ಜನರಿಗೆ ಒಂದೊಂದು ಕಾಫಿ ಮಗ್ ಕೊಟ್ಟು, ಎಷ್ಟು ಕೊಟ್ಟರೆ ಮಾರುತ್ತೀರಿ ಎಂದು ಕೇಳಿದರು. ಉಳಿದವರನ್ನು ಎಷ್ಟು ಕೊಟ್ಟು ಕೊಳ್ಳುತ್ತೀರಿ ಎಂದು ಕೇಳಿದರು. ಮಗ್ ಕೈಯಲ್ಲಿದ್ದವರು ಕೇಳಿದ ಬೆಲೆ, ಇಲ್ಲದವರು ಹೇಳಿದ್ದರ ಸುಮಾರು ಎರಡು ಪಟ್ಟು. ನಮ್ಮದಾಯಿತು ಅಂದ ಕೂಡಲೇ ಬೆಲೆ ಏರುತ್ತದೆ. ಅದಕ್ಕೇ ನಾನು ಪ್ರಶ್ನೆಯನ್ನು ತಿರುಗಿಸಿ ಕೇಳಿಕೊಳ್ಳುತ್ತೇನೆ: ಇದೇ ವಸ್ತು ಇವತ್ತು ಕುಮಟೆ ಸಂತೆಯಲ್ಲಿ ಕಂಡರೆ ಎಷ್ಟು ಕೊಟ್ಟು ತಗೊಳ್ಳುತ್ತಿದ್ದೆ? "ತಗೊಳ್ಳುತ್ತಲೇ ಇರಲಿಲ್ಲ" ಎಂಬ ಉತ್ತರ ಬಂದರೆ ಗಂಟಿಗೆ ಹಾಕಲು ಸುಲಭ.

ನಿಮ್ಮದನ್ನು ಮಾತ್ರ ಮುಟ್ಟಿ. ಗಂಡನ ಅಂಗಿ, ಅತ್ತೆಯ ಡಬ್ಬಿ, ಮಗಳ ಬೊಂಬೆಗಳ ಲೆಕ್ಕ ಅವರದು.

ಎರಡನೇ ಹೆಜ್ಜೆ: ಕುಂಕುಮ ಯಾವುದಕ್ಕೆ?

ಆಯುಧ ಪೂಜೆಯ ದಿನ ಕತ್ತಿ, ಕೊಡಲಿ, ಹಾರೆ, ಹೊಲಿಗೆ ಮಷಿನ್ನು, ಬೈಕು ಎಲ್ಲವನ್ನೂ ತೊಳೆದು ಕುಂಕುಮ ಹಚ್ಚುತ್ತೇವೆ. ವರ್ಷವಿಡೀ ನಮ್ಮ ಜೊತೆ ದುಡಿದದ್ದಕ್ಕೆ ಮಾಡುವ ಗೌರವ ಅದು. ಅಡುಗೆಮನೆಯ ಮತ್ತು ಕೋಣೆಯ ಸಾಮಾನಿಗೂ ಇದೇ ಲೆಕ್ಕ ಹಾಕಿದೆ. ಆ ವರ್ಷ ಕೆಲಸ ಮಾಡಿದ್ದನ್ನು ಮಾತ್ರ ಪೂಜೆಗೆ ತಂದೆ. ಮಿಕ್ಸಿ, ಕಡಗೋಲು, ಲ್ಯಾಪ್‌ಟಾಪ್, ಬಟ್ಟೆ ಕತ್ತರಿಸುವ ಕತ್ತರಿ ಬಂದವು. ಸ್ಯಾಂಡ್‌ವಿಚ್ ಮಾಡುವ ಯಂತ್ರ, ಕೈಯಲ್ಲಿ ಹಿಡಿದು ಕಡೆಯುವ ಬ್ಲೆಂಡರ್, ಜ್ಯೂಸರ್ ಅಟ್ಟದಲ್ಲೇ ಉಳಿದವು. ಎರಡು ವರ್ಷ ಸತತವಾಗಿ ಕುಂಕುಮ ಸಿಗದ ವಸ್ತು ಮನೆಯಿಂದ ಹೊರಡುತ್ತದೆ. ನಿಯಮ ಇಷ್ಟೇ. ಮನೆಯವರಿಗೆ ವಿವರಿಸಿ ಹೇಳುವ ಕಷ್ಟವೂ ಇಲ್ಲ, ಪೂಜೆ ಎಲ್ಲರಿಗೂ ಅರ್ಥವಾಗುತ್ತದೆ.

ಮೂರನೇ ಹೆಜ್ಜೆ: ಬರುವ ದಾರಿಗೆ ದಣಪೆ

ತೋಟಕ್ಕೆ ದನ ನುಗ್ಗಿದರೆ ಓಡಿಸಿ ಬರುವುದಷ್ಟೇ ಸಾಲದು, ದಣಪೆ ಹಾಕಬೇಕು, ಅಂದರೆ ಬೇಲಿಯ ದಾರಿಗೆ ಅಡ್ಡ ಗಳು. ಮನೆ ಎಷ್ಟು ಖಾಲಿ ಮಾಡಿದರೂ ಬರುವ ದಾರಿ ತೆರೆದೇ ಇದ್ದರೆ ವರ್ಷದೊಳಗೆ ಮತ್ತೆ ತುಂಬುತ್ತದೆ. ಈ ಹೆಜ್ಜೆಗೇ ನನಗೆ ಅತಿ ಹೆಚ್ಚು ಕಾಲ ಹಿಡಿಯಿತು.

ದೊಡ್ಡ ದಾರಿ ಫೋನು. ಮೂರು ಕೆಲಸ ಇವತ್ತೇ ಮಾಡಬಹುದು. ಶಾಪಿಂಗ್ ಆ್ಯಪ್‌ಗಳ ನೋಟಿಫಿಕೇಶನ್ ನಿಲ್ಲಿಸಿ. ಆ್ಯಪ್‌ನಲ್ಲಿ ಉಳಿಸಿಟ್ಟ ಕಾರ್ಡ್ ತೆಗೆಯಿರಿ, ಪ್ರತಿ ಸಲ ನಂಬರು ಒತ್ತುವಂತಾಗಲಿ. ಆಮೇಲೆ ಆ್ಯಪನ್ನೇ ತೆಗೆಯಿರಿ. ಬೇಕಾದಾಗ ಬ್ರೌಸರ್‌ನಲ್ಲಿ ಹೋಗಿ ಕೊಳ್ಳಲು ಬರುತ್ತದೆ, ಅದಕ್ಕೆ ಹಿಡಿಯುವ ಐದು ನಿಮಿಷದಲ್ಲೇ ಅರ್ಧ ಆಸೆ ಇಳಿಯುತ್ತದೆ. "ಎರಡೇ ಉಳಿದಿದೆ", "ಹತ್ತು ನಿಮಿಷದಲ್ಲಿ ಆಫರ್ ಮುಗಿಯುತ್ತದೆ" ಎಂದು ಸುಳ್ಳೇ ಅವಸರ ಮಾಡಿಸುವುದು, ಕೇಳದೆ ಬುಟ್ಟಿಗೆ ಇನ್ನೊಂದು ವಸ್ತು ಸೇರಿಸುವುದು ತಪ್ಪು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಇಂಥ 13 ಬಗೆಯ ತಂತ್ರಗಳ ಪಟ್ಟಿ ಅದರಲ್ಲಿದೆ. ನಿಮಗೆ ಹಾಗೆ ಆಗಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಎರಡನೇ ದಾರಿ ಕಂತು. "ಬಡ್ಡಿಯಿಲ್ಲದ ಇಎಂಐ" ಎಂಬ ಮಾತನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. 24,000 ರೂಪಾಯಿಯ ಫೋನು, ತಿಂಗಳಿಗೆ 2,000ದಂತೆ 12 ಕಂತು. ಮೇಲ್ನೋಟಕ್ಕೆ ಬಡ್ಡಿಯೇ ಇಲ್ಲ. ಆದರೆ ಬ್ಯಾಂಕಿನ ಬಡ್ಡಿ ವರ್ಷಕ್ಕೆ ಶೇ 15 ಇದ್ದರೆ, ಆ ಕಂತಿನೊಳಗೆ ಸುಮಾರು 1,840 ರೂಪಾಯಿ ಬಡ್ಡಿ ಸೇರಿರುತ್ತದೆ. ಅಷ್ಟನ್ನು ಮಾರುವವರು ಬೆಲೆಯಲ್ಲಿ ಮೊದಲೇ ಕಳೆದಿರುತ್ತಾರೆ. ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ, ಅಂದರೆ ಸುಮಾರು 330 ರೂಪಾಯಿ, ಕಾರ್ಡ್ ಬಿಲ್ಲಿನಲ್ಲಿ ನಿಮ್ಮ ತಲೆಗೇ ಬರುತ್ತದೆ. ಪ್ರೊಸೆಸಿಂಗ್ ಶುಲ್ಕ ಇದ್ದರೆ ಅದು ಬೇರೆ. ಮೊತ್ತ ಚಿಕ್ಕದು, ನಿಜ. ನನಗೆ ಭಯ ಇರುವುದು ಕಂತುಗಳು ಸಾಲುಗಟ್ಟುವುದರ ಬಗ್ಗೆ. ನಾಲ್ಕು ಕಂತು ಒಟ್ಟಿಗೆ ಓಡುತ್ತಿದ್ದ ವರ್ಷ ನಮ್ಮ ಮನೆಯಲ್ಲಿ ಸಂಬಳ ಬಂದ ದಿನವೇ ಖಾಲಿಯಾಗುತ್ತಿತ್ತು. ಆ ನಾಲ್ಕೂ ವಸ್ತುಗಳ ಹೊಸತನ ಮುಗಿದು ಎಷ್ಟೋ ದಿನವಾಗಿತ್ತು.

ಮೂರನೆಯದು ಒಂದರ ಬಾಲ ಹಿಡಿದು ಇನ್ನೊಂದು ಬರುವುದು. ಫ್ರಾನ್ಸಿನ ಲೇಖಕ ಡೆನಿ ಡಿಡೆರೊ 1769ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಯಾರೋ ಒಂದು ಚಂದದ ಕೆಂಪು ನಿಲುವಂಗಿ ಕೊಟ್ಟರು. ಅದನ್ನು ತೊಟ್ಟು ಕೂತರೆ ಹಳೆಯ ಕುರ್ಚಿ, ಹಳೆಯ ಮೇಜು ಕಳೆಗುಂದಿದಂತೆ ಕಂಡವು. ಒಂದೊಂದಾಗಿ ಎಲ್ಲವನ್ನೂ ಬದಲಿಸಿ ಕೊನೆಗೆ ಹಳೆಯ ಅಂಗಿಗಾಗಿ ಮರುಗಿದ. ನಮ್ಮ ಮನೆಯಲ್ಲಿ ಅದು ಟಿವಿ. ದೊಡ್ಡ ಟಿವಿ ಬಂತು, ಅದಕ್ಕೆ ಸ್ಟ್ಯಾಂಡ್ ಬಂತು, ಸ್ಟ್ಯಾಂಡಿನ ಬಣ್ಣಕ್ಕೆ ಪರದೆ, ಆಮೇಲೆ ಸೋಫಾ. ಸೋಫಾ ಬಂದ ಮೇಲೆ ಅಜ್ಜ ಮಲಗುತ್ತಿದ್ದ ಮರದ ಮಂಚಕ್ಕೆ ಜಗಲಿಯಲ್ಲಿ ಜಾಗವಿಲ್ಲದೆ ಕೊಟ್ಟಿಗೆ ಸೇರಿತು. ಈಗ ಏನೇ ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳುತ್ತೇವೆ: ಇದು ಬಂದರೆ ಇದರ ಹಿಂದೆ ಏನೇನು ಬರಬೇಕು? ಅದನ್ನೂ ಸೇರಿಸಿ ಬೆಲೆ ಬರೆಯುತ್ತೇವೆ. ಮಂಚ ಮತ್ತೆ ಜಗಲಿಗೆ ಬಂದಿದೆ.

ಇನ್ನು ದಣಪೆಯ ಮುಖ್ಯ ಗಳು. ಇದನ್ನು ನಾನು ಕಲಿತದ್ದು ಕರಾವಳಿಯಿಂದ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ ಅದು. ಕಾರವಾರದ ಬೈತಖೋಲದಲ್ಲಿ, ತದಡಿಯಲ್ಲಿ ದೋಣಿಗಳು ಸಾಲಾಗಿ ನಿಂತಿರುತ್ತವೆ. ಮೇ ತಿಂಗಳಲ್ಲೇ ಒಣಮೀನು, ಅಕ್ಕಿ, ಸೌದೆ ಕೂಡಿಟ್ಟು ಆ ಮನೆಗಳು ಎರಡು ತಿಂಗಳು ದಾಟುತ್ತವೆ. ಆ ದಿನಗಳಲ್ಲಿ ಬಲೆ ಸರಿಮಾಡುವ ಕೆಲಸ ನಡೆಯುತ್ತದೆ. ಅವರದು ಅನಿವಾರ್ಯ, ಅದರಲ್ಲಿ ಕಷ್ಟವೂ ಇದೆ. ನಾನು ಅದನ್ನು ಅವರಿಂದ ಕಡ ತಂದಿದ್ದೇನೆ, ಅಷ್ಟೇ.

ಆ 61 ದಿನ ನಮ್ಮ ಮನೆಯಲ್ಲಿ ಖರೀದಿ ಬಂದ್. ಊಟ, ಔಷಧಿ, ಶಾಲೆಯ ಸಾಮಾನು, ರಿಪೇರಿ ಇವಕ್ಕೆ ತಡೆಯಿಲ್ಲ. ಉಳಿದದ್ದು ಏನೇ ಬೇಕೆನಿಸಿದರೂ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯಬೇಕು. ವಸ್ತುವಿನ ಹೆಸರು, ಬೆಲೆ, ಬರೆದವರ ಹೆಸರು. ಆಗಸ್ಟ್ 1ಕ್ಕೆ ಎಲ್ಲರೂ ಕೂತು ಓದಬೇಕು. ಮೊದಲ ವರ್ಷ 31 ವಸ್ತು ಬರೆದಿದ್ದೆವು. ಆಗಸ್ಟಿನಲ್ಲಿ ನಿಜಕ್ಕೂ ಬೇಕಾದದ್ದು ಆರು. ಅದರಲ್ಲಿ ಒಂದು ಮಗಳ ರೇನ್‌ಕೋಟು. ಅದನ್ನು ಬಂದ್ ಪಟ್ಟಿಗೆ ಸೇರಿಸಿದ್ದೇ ತಪ್ಪು, ಆ ಎರಡು ತಿಂಗಳು ಅವಳು ಸೋರುವ ಕೋಟಿನಲ್ಲಿ ಶಾಲೆಗೆ ಹೋಗಿದ್ದಳು. ಹಾಗಾಗಿ ಈಗ ಮಕ್ಕಳಿಗೆ ಬೇಕಾದದ್ದನ್ನು ಮೇ ಕೊನೆಯಲ್ಲೇ ನೋಡಿ ತರುತ್ತೇವೆ.

ತೋಟ ಇರುವವರಿಗೆ ಇನ್ನೊಂದು ಮಾತು. ಚಾಲಿ (ಒಣಗಿಸಿ ಸುಲಿದ ಅಡಿಕೆ) ಕೊಟ್ಟು ದುಡ್ಡು ಕೈಗೆ ಬಂದ ತಿಂಗಳೇ ಅಪಾಯದ ತಿಂಗಳು, ಅದರಲ್ಲೂ ದರ ಏರಿದ ವರ್ಷ. ಆ ದುಡ್ಡನ್ನು 30 ದಿನ ಮುಟ್ಟದೆ ಇಡುವ ಪದ್ಧತಿ ಮಾಡಿಕೊಳ್ಳಿ. ಕೊಳೆರೋಗದ ವರ್ಷವೂ ಬರುತ್ತದೆ ಅಲ್ವಾ?

ಹಾಗಂತ ಜಾತ್ರೆಗೆ ಹೋಗಿ ಕೈ ಬೀಸಿಕೊಂಡು ಬರಬೇಡಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಲ್ಲಿ ಬಳೆ ಇಟ್ಟುಕೊಳ್ಳದೆ ಬಂದರೆ ನನಗೆ ಜಾತ್ರೆಗೆ ಹೋದಂತೆಯೇ ಆಗುವುದಿಲ್ಲ. ಖರ್ಚಿಗೆಂದು ನಗದು ಎಣಿಸಿ ತಗೊಂಡು ಹೋಗುತ್ತೇನೆ, ಫೋನಿನಲ್ಲಿ ಕೊಡುವುದಿಲ್ಲ. ನೋಟು ಖಾಲಿಯಾದರೆ ತಿರುಗಾಟ ಮಾತ್ರ.

ನಾಲ್ಕನೇ ಹೆಜ್ಜೆ: ಇರುವುದನ್ನು ಸಾಕಿ

ತೃಪ್ತಿ ನನಗೆ ನಿಜವಾಗಿ ಸಿಕ್ಕಿದ್ದು ಇಲ್ಲಿ.

ನಮ್ಮ ಮನೆಯಲ್ಲಿ ಅಮ್ಮಮ್ಮನ ಕಾಲದ ಮೆಟ್ಟುಗತ್ತಿ ಇದೆ. ಹಲಸಿನ ಮರದ ಮಣೆ, ಕಾಲು ಊರುವ ಕಡೆ ನುಣುಪಾಗಿ ಸ್ವಲ್ಪ ಗುಳಿ ಬಿದ್ದಿದೆ. ಮಸೆದು ಮಸೆದು ಅಲಗಿನ ಹೊಟ್ಟೆ ಒಳಗೆ ಬಾಗಿ ಮೂರನೇ ದಿನದ ಚಂದ್ರನ ಹಾಗಾಗಿದೆ. ತುದಿಯಲ್ಲಿ ಕಾಯಿ ತುರಿಯುವ ಹಲ್ಲು. ಹಲಸಿನಕಾಯಿ ಕೊರೆಯುವಾಗ ಅಲಗಿಗೆ ಕೊಬ್ಬರಿ ಎಣ್ಣೆ ಸವರಬೇಕು, ಮೇಣ ಅಂಟುವುದಿಲ್ಲ. ಬಾಳೆದಿಂಡು ಹೆಚ್ಚುವಾಗ ಪ್ರತಿ ಬಿಲ್ಲೆಗೂ ಎಳೆ ಬರುತ್ತದೆ, ಅದನ್ನು ತೋರುಬೆರಳಿಗೆ ಸುತ್ತಿಕೊಳ್ಳುತ್ತಾ ಹೋಗಬೇಕು. ಕೊನೆಗೆ ಬೆರಳಿನ ತುಂಬ ಬಿಳಿ ನೂಲಿನ ಉಂಗುರ.

ಇದನ್ನು ಮೂಲೆಗೆ ಒರಗಿಸಿ ನಾನು ಮೂರು ವರ್ಷದಲ್ಲಿ ದಾರ ಎಳೆದು ಹೆಚ್ಚುವ ಡಬ್ಬಿ ಎರಡು, ಈರುಳ್ಳಿ ಬಿಲ್ಲೆ ಮಾಡುವ ಹಲಗೆ ಒಂದು, ಕಾಯಿ ತುರಿಯುವ ಯಂತ್ರ ಒಂದು ತಂದಿದ್ದೆ. ಡಬ್ಬಿಯ ಹಲ್ಲುಚಕ್ರ ಸವೆದರೆ ಬದಲಿ ಸಿಗುವುದಿಲ್ಲ, ಇಡೀ ಡಬ್ಬಿ ಎಸೆಯಬೇಕು. ಮೆಟ್ಟುಗತ್ತಿಯನ್ನು ಆಚಾರಿಯ ಹತ್ತಿರ ಕೊಟ್ಟೆ. ಸಡಿಲಾಗಿದ್ದ ಅಲಗನ್ನು ಬಿಗಿದು, ಹಲ್ಲು ಚೂಪು ಮಾಡಿ ಸಂಜೆಗೆ ವಾಪಸ್ ಕೊಟ್ಟ. ಅದರ ಮೇಲೆ ಕೂತು ಕೈ ಪಳಗಲು ಹದಿನೈದು ದಿನ ಬೇಕಾಯಿತು. ಕಾಲು ಮಡಚಿ ಕೂರಲು ಆಗದವರು ಇದನ್ನು ಮಾಡಬೇಕಾಗಿಲ್ಲ, ಒಂದು ಒಳ್ಳೆಯ ಚಾಕು ಮತ್ತು ಮಸೆಯುವ ಕಲ್ಲು ಸಾಕು. ನಾಲ್ಕು ಸಾಧನದ ಕೆಲಸ ಒಂದರಲ್ಲಿ ಆಗಬೇಕು, ಮತ್ತು ಆ ಒಂದರ ಗುಣ ಕೈಗೆ ತಿಳಿದಿರಬೇಕು. ಅದು ಕೊಡುವ ಸಮಾಧಾನ ಹೊಸ ಪೆಟ್ಟಿಗೆ ಬಿಚ್ಚುವಾಗ ನನಗೆ ಯಾವತ್ತೂ ಸಿಕ್ಕಿಲ್ಲ.

ಶುರು ಮಾಡಲು ತಿಂಗಳಿಗೊಂದು ವಸ್ತು ಆರಿಸಿಕೊಳ್ಳಿ. ಮೇ ತಿಂಗಳಿಗೆ ಕೊಡೆ. ಮಳೆಗೆ ಮೊದಲು ಪೇಟೆಯಲ್ಲಿ ಕೊಡೆ ರಿಪೇರಿಯವರು ಕೂರುತ್ತಾರೆ, ಮುರಿದ ಕಡ್ಡಿ ಬದಲಿಸಿ ಬಿಟ್ಟ ಹೊಲಿಗೆ ಹಾಕಿಕೊಡುತ್ತಾರೆ. ಒದ್ದೆ ಕೊಡೆಯನ್ನು ಮಡಚಿಡದೆ ಬಿಚ್ಚಿ ಒಣಗಿಸಿದರೆ ಕಡ್ಡಿಗೆ ತುಕ್ಕು ಕಡಿಮೆ. ಹಿತ್ತಾಳೆ ಪಾತ್ರೆ ಅಟ್ಟದಲ್ಲಿದ್ದರೆ ಕಲಾಯಿ ಹಾಕಿಸಿ ಕೆಳಗಿಳಿಸಿ. ಅಂಗಿಯ ಗುಂಡಿ, ಸೀರೆಯ ಫಾಲ್, ಚಪ್ಪಲಿಯ ಉಂಗುಟ ಇವನ್ನೆಲ್ಲ ಒಂದು ಬುಟ್ಟಿಗೆ ಹಾಕುತ್ತಾ ಬಂದು ಭಾನುವಾರ ಒಟ್ಟಿಗೆ ಕೂತು ಮುಗಿಸಬಹುದು.

ಐದನೇ ಹೆಜ್ಜೆ: ಮೂರನೇ ರಾಶಿ ಎಲ್ಲಿಗೆ?

2021ರ ಜುಲೈನಲ್ಲಿ ಗಂಗಾವಳಿ ಉಕ್ಕಿ ಅಂಕೋಲೆ ಕಡೆಯ ಊರುಗಳಿಗೆ ನೀರು ನುಗ್ಗಿದಾಗ ನಾನೂ ಒಂದು ಮೂಟೆ ಬಟ್ಟೆ ಕಳಿಸಿದ್ದೆ. ಗಡಿಬಿಡಿಯಲ್ಲಿ ಕಪಾಟಿನ ಕೆಳಸಾಲು ಹಾಗೇ ತುಂಬಿದ್ದೆ. ಆಮೇಲೆ ಹಂಚಲು ಹೋಗಿದ್ದ ಗೆಳತಿ ಹೇಳಿದಳು: ಅಲ್ಲಿ ಬೇಕಾಗಿದ್ದದ್ದು ಒಣಗಿದ ಚಾದರ, ಒಳ ಉಡುಪು, ಪಾತ್ರೆ. ಬೂಷ್ಟು ಹಿಡಿದ ಸೀರೆಗಳನ್ನು ಬೇರೆ ಮಾಡಿ ಎಸೆಯುವುದೇ ಅವರಿಗೆ ಒಂದು ಕೆಲಸವಾಯಿತು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಅದಕ್ಕೇ ಕೊಡುವ ಮೊದಲು ಒಗೆಯಿರಿ, ಹೊಲಿಯಿರಿ, ಏನು ಬೇಕು ಅಂತ ಕೇಳಿ. ನಿಮ್ಮ ಅಕ್ಕನಿಗೆ ಕೊಡಲು ಸಂಕೋಚವಾಗುವುದನ್ನು ಬೇರೆಯವರಿಗೂ ಕೊಡಬೇಡಿ.

ಉಡಲು ಬಾರದ ಹತ್ತಿ ಸೀರೆಗೆ ಕೌದಿಗಿಂತ ಒಳ್ಳೆಯ ಗತಿ ಇಲ್ಲ. ನಮ್ಮ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಸಮುದಾಯದ ಹೆಂಗಸರು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿ ನೋಡಿದ್ದೀರಾ? ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೆ ಬಟ್ಟೆಯನ್ನು ಮಡಚಿ ಹೂವಿನಂತೆ ಇಟ್ಟು ಹೊಲಿಯುತ್ತಾರೆ. ಅದಕ್ಕೆ ಫೂಲ ಅನ್ನುತ್ತಾರೆ. ಫೂಲ ಇಲ್ಲದಿದ್ದರೆ ಕೌದಿ ಬೆತ್ತಲೆ ಎಂಬುದು ಅವರ ಮಾತು. ಹೊಲಿಸುವುದಾದರೆ ಸರಿಯಾದ ಕೂಲಿ ಕೊಟ್ಟು ಹೊಲಿಸಿ, ದಿನಗಟ್ಟಲೆ ಕೂತು ಮಾಡುವ ಕೆಲಸ ಅದು.

ಹಳೆಯ ಫೋನು, ಚಾರ್ಜರು, ಉಬ್ಬಿದ ಬ್ಯಾಟರಿ ಇದ್ದರೆ ಕಸದ ಬುಟ್ಟಿಗಾಗಲಿ ಒಲೆಗಾಗಲಿ ಹಾಕಬೇಡಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಲ್ಲಿ ಮರುಬಳಕೆಯ ಹೊಣೆ ತಯಾರಕರ ಮೇಲಿದೆ. ಆ ಕಂಪನಿಯ ಸೇವಾ ಕೇಂದ್ರದಲ್ಲಿ ವಾಪಸ್ ಪಡೆಯುತ್ತಾರಾ ಅಂತ ವಿಚಾರಿಸಿ. ಕೊಡುವ ಮೊದಲು ಸಿಮ್ ತೆಗೆದು ಫೋಟೊ, ಬ್ಯಾಂಕಿನ ಆ್ಯಪ್ ಎಲ್ಲ ಅಳಿಸಿ.

ಆರನೇ ಹೆಜ್ಜೆ: ರಾತ್ರಿ ಎಂಟರಿಂದ ಹತ್ತು

ನನ್ನ ಹಳೆಯ ಆರ್ಡರ್‌ಗಳ ಸಮಯ ತೆಗೆದು ನೋಡಿದೆ. ಮುಕ್ಕಾಲು ಪಾಲು ರಾತ್ರಿ ಎಂಟರಿಂದ ಹತ್ತರ ನಡುವೆ ಮಾಡಿದ್ದು. ಕೆಲಸ ಮುಗಿದು ದಣಿದು ಕೂತ ಹೊತ್ತು. ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ವಸ್ತುವೇ ಆಗಿರಲಿಲ್ಲ. ನೀವೂ ನಿಮ್ಮದನ್ನು ನೋಡಿ, ನಿಮ್ಮ ಹೊತ್ತು ಬೇರೆ ಇರಬಹುದು.

1978ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಅಮೆರಿಕದಲ್ಲಿ ಲಾಟರಿ ಗೆದ್ದ 22 ಜನರನ್ನು ಸಂಶೋಧಕರು ಮಾತಾಡಿಸಿದ್ದರು. ಗೆಲ್ಲದ ನೆರೆಹೊರೆಯವರಿಗಿಂತ ಅವರು ಹೇಳಿಕೊಳ್ಳುವಷ್ಟು ಸುಖಿಗಳಾಗಿರಲಿಲ್ಲ. ಜೊತೆಗೆ ಗೆಳೆಯರ ಜೊತೆ ಮಾತು, ಬೆಳಗಿನ ತಿಂಡಿಯಂಥ ದಿನನಿತ್ಯದ ಸಣ್ಣ ಸಂಗತಿಗಳಲ್ಲಿ ಅವರಿಗೆ ಸಿಗುತ್ತಿದ್ದ ಖುಷಿ ಕಡಿಮೆಯಿತ್ತು. ಸಣ್ಣ ಗುಂಪಿನ ಅಧ್ಯಯನ ಅದು, ಅದೊಂದರಿಂದಲೇ ಎಲ್ಲ ಹೇಳಲಾಗದು. ಆದರೆ ಹೊಸ ವಸ್ತುವಿಗೆ ಮನಸ್ಸು ಬೇಗ ಒಗ್ಗಿಹೋಗುತ್ತದೆ ಎಂಬುದಕ್ಕೆ ನನ್ನ ಆ ಏಳು ಸೀರೆಗಳ ಚೀಟಿಯೇ ಸಾಕ್ಷಿ.

ಆ ಎರಡು ತಾಸಿಗೆ ಕೈಗೆ ಕೆಲಸವಿರಲಿ. ಚಳಿಗಾಲದಲ್ಲಿ ನಮ್ಮ ಕಡೆ ಯಕ್ಷಗಾನಕ್ಕೆ ಬರವಿಲ್ಲ, ಕೂರಲು ಒಂದು ಚಾಪೆ ಇದ್ದರಾಯಿತು. ಮಾರ್ಚ್ ಹೊತ್ತಿಗೆ ಅಪ್ಪೆಮಿಡಿ ಬರುತ್ತದೆ. ಮಿಡಿಯ ತೊಟ್ಟನ್ನು ಚೂರು ಉಳಿಸಿ ಕತ್ತರಿಸಿ, ಉಪ್ಪಿನಲ್ಲಿ ಹಾಕಿ ಭರಣಿ ತುಂಬುವ ಹೊತ್ತಿಗೆ ಹತ್ತು ಗಂಟೆ ದಾಟಿರುತ್ತದೆ. ಕರಾವಳಿಯವರಿಗಂತೂ ಸಂಜೆ ಕಡಲ ದಂಡೆ ಇದೆ. ಏನೂ ಬೇಡದಿದ್ದರೆ ಒಬ್ಬರಿಗೆ ಫೋನ್ ಮಾಡಿ. ನಾನು ಆಯಿಗೆ ಮಾಡುತ್ತೇನೆ.

ಏಳನೇ ಹೆಜ್ಜೆ: ಏಣಿ ಪುಸ್ತಕ

ಅಡಿಕೆ ಕೊಯ್ಲಿನ ಕಾಲದಲ್ಲಿ ಇವತ್ತು ನಮ್ಮ ಮನೆಗೆ ನೀವು, ನಾಳೆ ನಿಮ್ಮ ಮನೆಗೆ ನಾವು ಎಂದು ಹೋಗಿ ದುಡಿಯುವ ಪದ್ಧತಿಗೆ ನಮ್ಮ ಕಡೆ ಮುರಿಯಾಳು ಅನ್ನುತ್ತಾರೆ. ಮದುವೆ, ಉಪನಯನಕ್ಕೆ ಊರೊಟ್ಟಿನ ದೊಡ್ಡ ಪಾತ್ರೆಗಳನ್ನು ತಂದು ತೊಳೆದು ವಾಪಸ್ ಇಡುವುದೂ ಇದೆ. ಪೇಟೆಯ ಕೇರಿಗೆ ಬಂದ ಮೇಲೆ ಅದು ತಪ್ಪಿತು. ಏಳು ಮನೆಗೆ ಏಳು ಏಣಿ, ಏಳು ಡ್ರಿಲ್ ಮಷಿನ್ನು.

ಎರಡು ವರ್ಷದ ಹಿಂದೆ ಐದು ಮನೆಯವರು ಕೂತು ಒಂದು ಇನ್ನೂರು ಪುಟದ ನೋಟ್‌ಬುಕ್ ಮಾಡಿದೆವು. ಬಲಗಡೆ ಯಾರ ಹತ್ತಿರ ಏನಿದೆ ಎಂಬ ಪಟ್ಟಿ: ಏಣಿ, ಡ್ರಿಲ್, ದೊಡ್ಡ ಬಾಣಲೆ, ಇಡ್ಲಿಯ ದೊಡ್ಡ ಅಟ್ಟೆ, ಹಪ್ಪಳ ಒತ್ತುವ ಮಣೆ, ಮಗುವಿನ ತೊಟ್ಟಿಲು, ಪ್ರಯಾಣದ ದೊಡ್ಡ ಪೆಟ್ಟಿಗೆ. ಎಡಗಡೆ ಯಾರು ಯಾವಾಗ ತಗೊಂಡರು, ಯಾವಾಗ ಕೊಟ್ಟರು. ಬೇಸರ ಬರಬಾರದು ಅಂತ ಕೆಲವು ಮಾತು ಮೊದಲೇ ಆಡಿಕೊಂಡೆವು. ತೊಳೆದು ಕೊಡಬೇಕು. ಮುರಿದರೆ ಬಳಸಿದವರು ರಿಪೇರಿ ಮಾಡಿಸಬೇಕು. ಹಳೆಯದಾಗಿ ತಾನೇ ಹೋದರೆ ಐದೂ ಮನೆ ಹಂಚಿಕೊಳ್ಳಬೇಕು. ಕೊಡಲು ಮನಸ್ಸಿಲ್ಲದ ವಸ್ತುವನ್ನು ಪಟ್ಟಿಗೆ ಬರೆಯಲೇಬಾರದು. ಮೆಟ್ಟುಗತ್ತಿಯನ್ನು ನಾನು ಬರೆದಿಲ್ಲ.

ಮೊದಲ ಆರು ತಿಂಗಳು ಕೇಳಲು ಎಲ್ಲರಿಗೂ ಸಂಕೋಚ. ಆಗ ಮೊದಲು ನೀವೇ ಹೋಗಿ ಏನಾದರೂ ಕೇಳಿ. ನೀವು ಕೇಳಿದ ಮನೆಯವರಿಗೆ ನಿಮ್ಮ ಹತ್ತಿರ ಕೇಳಲು ಧೈರ್ಯ ಬರುತ್ತದೆ. ನಮ್ಮಲ್ಲಿ ತೊಟ್ಟಿಲು ಈಗಾಗಲೇ ಮೂರು ಮನೆ ತಿರುಗಿದೆ. ಏಣಿ ಸದ್ಯ ಕೊನೆಯ ಮನೆಯ ಅಕ್ಕನ ಹತ್ತಿರ ಇದೆ. ಶನಿವಾರ ನಮಗೆ ಬೇಕು, ಹೆಂಚಿನ ಮೇಲಿನ ಎಲೆ ತೆಗೆಯಬೇಕು. ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.